ಟೇಪಿನ ಒಳಗೆ ಎರಡು ಬೆರಳು

ಜೂನ್ ೮, ಭಾನುವಾರ, ಬೆಳಿಗ್ಗೆ

ಅಳತೆ ಆಯಿತು. ಎದೆ ಸುತ್ತು ೨೬ ಇಂಚು, ಉದ್ದ ೨೪. ಸುತ್ತನ್ನು ಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಮುನ್ನೂರರಿಂದ ಭಾಗಿಸಿದರೆ ಪೌಂಡ್. ಪೌಂಡನ್ನು ೨.೨ರಿಂದ ಭಾಗಿಸಿದರೆ ಕೇಜಿ. ಇಪ್ಪತ್ತನಾಲ್ಕೂವರೆ ಬಂತು. ಮಂಗಮ್ಮ ಆಂಟಿಗೆ ಲೆಕ್ಕ ಬೇಡ, ಕೊನೆಯ ನಂಬರ್ ಸಾಕು.

"ಮೈ ಹಿಡೀತಾವ್ನೆ ಬಿಡು" ಎಂದು ಅವನಿಗೆ ಲಟಿಕೆ ಮುರಿದರು.

ಅವನು ಎಂದರೆ ಹೋತ. ನನ್ನ ಹೊಸ ಕಸ್ಟಮರ್. ಇಷ್ಟು ವರ್ಷ ಅರೆಕೆರೆಯ ಹೆಂಗಸರ ಎದೆ ಸುತ್ತು ತೆಗೆದವಳು ಈಗ ಓನರ್ ಮನೆಯ ಹೋತದ ಎದೆ ಸುತ್ತು ತೆಗೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಇವನೇ ವಾಸಿ. ಹೊಟ್ಟೆ ಒಳಗೆ ಎಳೆದುಕೊಂಡು ನಿಲ್ಲುವುದಿಲ್ಲ. ಹಬ್ಬದ ಹಿಂದಿನ ದಿನ ಬಂದು ಕಂಕುಳಲ್ಲಿ ಟೈಟ್ ಆಯಿತು ಎಂದು ಜಗಳ ತೆಗೆಯುವುದಿಲ್ಲ. ವಾಸನೆ ಮಾತ್ರ ದೇವರಿಗೇ ಪ್ರೀತಿ.

ಇದೆಲ್ಲ ಶುರುವಾದದ್ದು ಹೋದ ವರ್ಷ ಆಂಟಿಯ ಮೊಮ್ಮಗಳು ಇಂಚರಳಿಗೆ ಡೆಂಗ್ಯೂ ಬಂದಾಗ. ಪ್ಲೇಟ್‌ಲೆಟ್ ಇಳಿಯುತ್ತಾ ಹೋಯಿತು. ಆಂಟಿ ಮಾರಮ್ಮನಿಗೆ ಹೋತದ ಹರಕೆ ಹೊತ್ತುಕೊಂಡರು. ಬರೀ ಹೋತ ಎಂದಿದ್ದರೆ ಮುಗಿಯುತ್ತಿತ್ತು. ಹಿಂದೆ ಅವರ ಬೀಗರು ಬೆಕ್ಕಿನ ಗಾತ್ರದ ಹೋತ ಒಪ್ಪಿಸಿ ಊರೆಲ್ಲ ನಕ್ಕಿತ್ತಂತೆ. ಅದಕ್ಕೆ ಇವರು ಜಂಬದಲ್ಲಿ "ಮೂವತ್ತು ಕೇಜಿ ಹೋತ" ಎಂದುಬಿಟ್ಟರು. ಹುಡುಗಿ ಹುಷಾರಾದಳು. ಈಗ ಮಾತು ಉಳಿಸಿಕೊಳ್ಳಬೇಕು. ಆದರೆ ಹರಕೆಯ ಪ್ರಾಣಿಯನ್ನು ತಕ್ಕಡಿಗೆ ಏರಿಸುವುದು ಈ ಮನೆಯಲ್ಲಿ ನಿಷಿದ್ಧ. "ತಕ್ಕಡಿ ಹತ್ತುದ್ರೆ ಅದು ಮಾರೋ ಮಾಲು ಕಣೆ ಲತಾ, ದೇವ್ರುದ್ದಾಗಕಿಲ್ಲ." ತೂಗಬಾರದು, ತೂಕ ಗೊತ್ತಾಗಬೇಕು. ದನಗಳ ಡಾಕ್ಟರ್ ವಿಜಯಲಕ್ಷ್ಮಿ ಮೇಡಂ ಟೇಪಿನ ಲೆಕ್ಕ ಹೇಳಿಕೊಟ್ಟರು. ಟೇಪು ಇರುವವಳು ನಾನು. ಅಂಗಡಿ ಅವರದೇ ಬಿಲ್ಡಿಂಗಿನ ಕೆಳಗೆ, ನನ್ನ ಬಾಡಿಗೆ ಮನೆ ಅದರ ಮೇಲೆ, ಹೋತ ಪಕ್ಕದ ಖಾಲಿ ಸೈಟಿನ ಶೀಟಿನಡಿ. ಇನ್ನೇನು ಬೇಕು.

ಮೂವತ್ತು ಕೇಜಿ ತುಂಬಿದ ಮೇಲೆ ಬರುವ ಮೊದಲ ಮಂಗಳವಾರ ಬಲಿ.

ಜೂನ್ ೧೧, ಬುಧವಾರ

ಆರ್ಡರ್ ಕಡಿಮೆ. ಎರಡು ಸೀರೆಗೆ ಫಾಲ್ ಹಾಕಿದೆ. ತಂಗಿ ಪದ್ಮ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಅಂಗಡಿಯ ಬೋರ್ಡ್ 'ಪದ್ಮಲತಾ ಲೇಡೀಸ್ ಟೈಲರ್ಸ್' ಎಂದೇ ಇದೆ. ಹೊಸ ಕಸ್ಟಮರುಗಳು ನನ್ನನ್ನು ಪದ್ಮಲತಾ ಮೇಡಂ ಎನ್ನುತ್ತಾರೆ. ತಿದ್ದುವುದಿಲ್ಲ. ನಾವಿಬ್ಬರು, ಅಕ್ಕ ತಂಗಿ, ಇಬ್ಬರೂ ಮದುವೆಯಾಗದೆ ಹೀಗೇ ಮುದುಕಿಯರಾಗುತ್ತೇವೆ ಅಂದುಕೊಂಡಿದ್ದೆ. ಮಾತಾಡಿಕೊಂಡಿರಲಿಲ್ಲ, ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಪದ್ಮ ನಲವತ್ತೊಂದನೇ ವಯಸ್ಸಿನಲ್ಲಿ ಮದುವೆಯಾಗಿ ದಾವಣಗೆರೆಗೆ ಹೋದಳು. ಭೀಮೇಶ್, ಹೈಸ್ಕೂಲ್ ಮೇಷ್ಟ್ರು, ಮೊದಲ ಹೆಂಡತಿ ತೀರಿಕೊಂಡಿದ್ದಾರೆ. ಒಳ್ಳೆಯ ಮನುಷ್ಯ. ಅದೇ ಕಷ್ಟ, ಬೈಯಲೂ ಆಗುವುದಿಲ್ಲ.

ಇವತ್ತು ನನಗೊಂದು ಬ್ಲೌಸ್ ಹೊಲಿದುಕೊಳ್ಳೋಣ ಎಂದು ಬಟ್ಟೆ ತೆಗೆದೆ. ಹಳೆಯದೆಲ್ಲ ಲೂಸ್ ಆಗಿದೆ. ಅಳತೆ ತೆಗೆಯುವವರು ಯಾರು? ತನ್ನ ಬೆನ್ನನ್ನು ತಾನೇ ಅಳೆಯಲು ಆಗುವುದಿಲ್ಲ. ಟೇಪು ಹಿಂದಕ್ಕೆ ಹಾಕಿ ಕನ್ನಡಿ ಮುಂದೆ ಅಷ್ಟು ಹೊತ್ತು ಒದ್ದಾಡಿ, ಬಟ್ಟೆ ಮಡಿಸಿ ಇಟ್ಟೆ.

ಜೂನ್ ೨೯, ಭಾನುವಾರ, ಸಂಜೆ

ಮಳೆ. ಬನ್ನೇರುಘಟ್ಟ ರೋಡು ಜಾಮ್ ಅಂತೆ, ಹಾರ್ನ್ ಇಲ್ಲಿಯವರೆಗೂ ಕೇಳಿಸುತ್ತಿದೆ.

ಅಳತೆಗೆ ಕುಕ್ಕರಗಾಲಲ್ಲಿ ಕೂರುತ್ತೇನೆ. ಮುಂಗಾಲಿನ ಹಿಂದೆ ಟೇಪು ಸುತ್ತಿಸುವಾಗ ಅವನು ತನ್ನ ಭಾರವನ್ನೆಲ್ಲ ನನ್ನ ಭುಜಕ್ಕೆ ಹಾಕಿ ಒರಗುತ್ತಾನೆ. ಇವತ್ತು ಲೆಕ್ಕ ಮುಗಿದ ಮೇಲೂ ಹಾಗೇ ಕೂತಿದ್ದೆ. ಮೈ ಬಿಸಿ. ಒಳಗೆ ಗುಡುಗುಡು ಅಂತ ಮೆಲುಕು. ಒಬ್ಬರು ನನ್ನ ಮೈಗೆ ಹೀಗೆ ಒರಗಿ ಎಷ್ಟು ಕಾಲವಾಯಿತು... ದಿನಾ ಹತ್ತಾರು ಜನರ ಭುಜ, ತೋಳು, ಸೊಂಟ ಮುಟ್ಟುತ್ತೇನೆ. ನನ್ನನ್ನು ಯಾರೂ ಮುಟ್ಟುವುದಿಲ್ಲ.

ಒಂಟಿಯಾಗಿದ್ದೇನೆ. ಬರೆದುಬಿಟ್ಟೆ. ಯಾರೂ ಓದುವುದಿಲ್ಲವಲ್ಲ.

ಜುಲೈ ೨೭, ಭಾನುವಾರ

ಶ್ರಾವಣ ಬಂತು, ವರಮಹಾಲಕ್ಷ್ಮಿ ಬ್ಲೌಸ್‌ಗಳ ರಾಶಿ. ಬರೆಯಲು ಬಿಡುವೇ ಇಲ್ಲ.

ಇವತ್ತು ಸುತ್ತು ಇಪ್ಪತ್ತೇಳೂವರೆ, ಉದ್ದ ಇಪ್ಪತ್ತೈದೂವರೆ. ಇಪ್ಪತ್ತೊಂಬತ್ತು ದಾಟಿತು. ಬಾಯಿ ತಪ್ಪಿ ಹೇಳಿಬಿಟ್ಟೆ. ಆಂಟಿ ಅಲ್ಲೇ ನಿಂತು ಬೀಗರಿಗೆ ಫೋನ್ ಹಚ್ಚಿದರು. "ಹಬ್ಬ ಕಳೀಲಿ, ಮುಂದಿನ ಮಂಗಳವಾರವೋ ಅದರ ಮುಂದಿನದೋ, ಎಲ್ರೂ ಬರ್ಬೇಕು. ನಮ್ಮನೆ ಹೋತ ನೋಡ್ದೋರು ಬೀಳಬೇಕು ಹಂಗೈತೆ."

ಅವನು ನನ್ನ ಸೆರಗಿನ ತುದಿ ಅಗಿಯುತ್ತಿದ್ದ.

ಅಪ್ಪ ಸಂಜೀವಯ್ಯ ದೀಕ್ಷೆ ತೆಗೆದುಕೊಂಡು ಬೌದ್ಧರಾದ ಮೇಲೆ ನಮ್ಮ ಮನೆಯಲ್ಲಿ ಹರಕೆ, ಬಲಿ ಎಲ್ಲ ನಿಂತಿತು. ಮಟನ್ ನಿಲ್ಲಲಿಲ್ಲ, ಅದು ಭಾನುವಾರ ಅಂಗಡಿಯಿಂದ ಬರುತ್ತಿತ್ತು. ನಾನೇನು ದೊಡ್ಡ ಸಾಧ್ವಿಯಲ್ಲ, ಮೂಳೆ ಚೀಪುವವಳೇ. ಆದರೆ ತಿಂದದ್ದನ್ನು ಯಾವತ್ತೂ ಅಳೆದಿರಲಿಲ್ಲ. ಅದರ ಎದೆ ಬಡಿತ ಕೈಯಲ್ಲಿ ಹಿಡಿದಿರಲಿಲ್ಲ. ಇವನು ಹೋಗುವುದು ನನಗೆ ಬೇಡ. ಕಾರಣ ಅಷ್ಟೇ, ತತ್ವ ಗಿತ್ವ ಏನಿಲ್ಲ.

ಜುಲೈ ೩೦, ಬುಧವಾರ, ಮಧ್ಯಾಹ್ನ

ಇದನ್ನು ಈಗಲೇ ಬರೆಯಬೇಕು.

ಶಾಂತಿನಿಕೇತನ ಲೇಔಟಿನ ಒಬ್ಬ ಆಂಟಿ ರೇಷ್ಮೆ ಬ್ಲೌಸಿಗೆ ಬಂದಿದ್ದರು. ಎದೆ ಸುತ್ತು ತೆಗೆಯುತ್ತಿದ್ದೆ. ನನ್ನ ಕೈ ನಾನೇ ನೋಡಿದೆ. ಟೇಪಿನ ಒಳಗೆ ಎರಡು ಬೆರಳು! ಯಾವಾಗಲೂ ಇಡುವ ಬೆರಳು. ಉಸಿರಾಡಲು ಜಾಗ ಬೇಕಲ್ಲ, ಅದಕ್ಕೆ ಎರಡು ಬೆರಳು ಲೂಸ್ ಬಿಟ್ಟೇ ಸುತ್ತುತ್ತೇವೆ. ಕಲಿಸಿದವರು ಹಾಗೆ ಕಲಿಸಿದ್ದಾರೆ, ಈಗ ಕೈ ತಾನೇ ಮಾಡುತ್ತದೆ. ಅಂದರೆ ಅವನಿಗೂ... ಇಷ್ಟು ವಾರ ಅವನಿಗೂ ಬೆರಳು ಇಟ್ಟೇ ಅಳೆದಿದ್ದೇನೆ! ಹೋತಕ್ಕೆ ಬ್ಲೌಸ್ ಹೊಲಿಯುವವಳ ಹಾಗೆ.

ರೇಷ್ಮೆ ಬ್ಲೌಸಿನ ಆಂಟಿಯನ್ನು ಹಾಗೇ ನಿಲ್ಲಿಸಿ ಸೈಟಿಗೆ ಓಡಿದೆ. ಬೆರಳು ತೆಗೆದು ಅಳೆದೆ. ಇಪ್ಪತ್ತಾರೂವರೆ. ಒಂದು ಇಂಚು ಪೂರ್ತಿ ಕಡಿಮೆ. ಲೆಕ್ಕ ಹಾಕಿದೆ, ಇಪ್ಪತ್ತೇಳು ಕೇಜಿ. ಎರಡು ಕೇಜಿ ನನ್ನ ಬೆರಳಿನದು.

ವಾಪಸ್ ಬಂದಾಗ ರೇಷ್ಮೆ ಆಂಟಿ ಮೂಗು ಮುಚ್ಚಿಕೊಂಡರು. "ಏನ್ ಮೇಡಂ ಇದು ವಾಸ್ನೆ?" ಎಂದರು. ನಗು ತಡೆಯಲಾಗಲಿಲ್ಲ.

ಆಗಸ್ಟ್ ೩, ಭಾನುವಾರ

ಮಂಗಮ್ಮ ಆಂಟಿಗೆ ಬೆರಳಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲು ಮುಖ ಸಣ್ಣದಾಯಿತು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. "ಅಯ್ಯೋ ನಿನ್ ಮನೆ ಕಾಯ್ವಾಗ! ಅವ್ನಿಗೂ ಲೂಸ್ ಬಿಟ್ಯಾ? ಹುಕ್ಕು ಎಲ್ಲಿಗಿಟ್ಟೆ, ಮುಂದಕ್ಕೋ ಹಿಂದಕ್ಕೋ?" ಬೀಗರಿಗೆ ಫೋನ್ ಮಾಡಿ ಮುಂದಕ್ಕೆ ಹಾಕಿದರು. ಕಾಫಿ ಕೊಟ್ಟರು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕುಡಿದೆವು. ಚೆನ್ನಾಗಿತ್ತು.

ನನ್ನ ಮಾತನ್ನು ಎಷ್ಟು ಸಲೀಸಾಗಿ ನಂಬಿದರು.

ಆಗಸ್ಟ್ ೧೭, ಭಾನುವಾರ

ಇವತ್ತು ನಿಜವಾದ ಅಳತೆಯಲ್ಲೇ ಇಪ್ಪತ್ತೊಂಬತ್ತು ಕಾಲು. ಬೆರಳಿಲ್ಲ, ಏನಿಲ್ಲ.

ಟೇಪನ್ನು ಸ್ವಲ್ಪ ಎಳೆದೆ. ಕೂದಲು ಒತ್ತಿತು, ಒಂದು ಇಂಚು ಇಳಿಯಿತು. "ಇಪ್ಪತ್ತೇಳು" ಎಂದೆ. "ಶ್ರಾವಣದಾಗೆ ಮೇವು ಇಷ್ಟೊಂದೈತೆ, ಯಾಕೆ ಏರ್ತಿಲ್ಲ?" ಎಂದರು. "ಬೆಳವಣಿಗೆ ನಿಲ್ಲೋ ವಯಸ್ಸು ಆಂಟಿ" ಎಂದೆ. ನಾನು ಯಾವಾಗ ಹೋತಗಳ ವಯಸ್ಸು ಕಲಿತೆ?

ಸುಳ್ಳು ಹೇಳಿದ್ದಕ್ಕೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದು ಚಿತ್ರಾನ್ನ ಮಾಡಿಕೊಂಡು ಉಂಡೆ. ಒಂದು ಇಂಚು ಎಂದರೆ ಎರಡು ಕೇಜಿ. ಎರಡು ಕೇಜಿ ಎಂದರೆ ಇನ್ನೊಂದು ತಿಂಗಳು ಅವನು ಇಲ್ಲಿರುತ್ತಾನೆ.

ಆಗಸ್ಟ್ ೩೧, ಭಾನುವಾರ

ಈಗ ಎಳೆಯುವ ಕಷ್ಟವೂ ಇಲ್ಲ. ಟೇಪು ಸುಮ್ಮನೆ ಸುತ್ತುತ್ತೇನೆ, ತೂಕ ಬಾಯಲ್ಲೇ ಇಳಿಸುತ್ತೇನೆ. ಆಂಟಿಗೆ ಇಂಚು ಓದಲು ಬರುವುದಿಲ್ಲ.

"ಇಪ್ಪತ್ತೇಳೇ."

"ಇನ್ನೂ ಇಪ್ಪತ್ತೇಳಾ?"

"ಇನ್ನೂ."

ನೋಡಿದರೆ ಕತ್ತು ದಪ್ಪವಾಗಿದೆ, ಬೆನ್ನು ತುಂಬಿದೆ. ನನ್ನ ಕಣ್ಣಿಗೇ ಕಾಣುತ್ತಿದೆ, ಅವರ ಕಣ್ಣಿಗೆ ಕಾಣುವುದಿಲ್ಲವೇ? ಕಂಡರೂ ಟೇಪನ್ನು ನಂಬುತ್ತಾರೆ. ಟೇಪನ್ನಲ್ಲ, ನನ್ನನ್ನು.

ಸೆಪ್ಟೆಂಬರ್ ೭, ಭಾನುವಾರ

ನಿಜ: ಮೂವತ್ತೆರಡು. ಹೇಳಿದ್ದು: ಇಪ್ಪತ್ತೇಳು.

ಡಾಕ್ಟರ್ ಮೇಡಂ ಜಂತುಹುಳದ ಔಷಧಿ ಕೊಟ್ಟು ಹೋಗಿದ್ದರು. ಕೇಜಿಗೆ ಇಷ್ಟು ಎಂದು ಬಾಟಲಿಯ ಮೇಲೆ ಬರೆದಿತ್ತು. ಆಂಟಿ ಇಪ್ಪತ್ತೇಳರ ಲೆಕ್ಕದಲ್ಲಿ ಅಳೆದು ಕುಡಿಸಿದರು. ಬಾಯಿ ಹಿಡಿದುಕೊಂಡದ್ದು ನಾನೇ. ಒಂದು ಸಲ ಹೇಳೋಣ ಎನಿಸಿತು. ಐದು ಕೇಜಿ ಹೆಚ್ಚು ಕಡಿಮೆಗೆ ಏನಾಗುತ್ತದೆ, ಔಷಧಿ ತಾನೇ ಎಂದು ಸುಮ್ಮನಾದೆ.

ಇಂಚರಳಿಗೆ ಜ್ವರ. ವೈರಲ್ ಎಂದರಂತೆ, ಕ್ಲಾಸಿನಲ್ಲಿ ಎಲ್ಲರಿಗೂ ಇದೆಯಂತೆ. ಆಂಟಿ ಮಾತ್ರ ಕಂಗಾಲು. "ಲೇಟ್ ಮಾಡ್ತಿದೀನಿ ಅಂತ ಅಮ್ಮ ಎಚ್ಚರಿಕೆ ಕೊಡ್ತಾವ್ಳೆ" ಎಂದು ಕಣ್ಣು ಒರೆಸಿಕೊಂಡರು. ನಿಜದ ತೂಕ ಆಗಲೂ ಹೇಳಲಿಲ್ಲ. ನಾಲ್ಕು ದಿನದಲ್ಲಿ ಹುಡುಗಿ ಹುಷಾರಾಗುತ್ತಾಳೆ ಬಿಡಿ ಎಂದೆ.

ಪದ್ಮ ಫೋನ್ ಮಾಡಿದ್ದಳು. ದಸರಾಗೆ ಬರುತ್ತಾಳಂತೆ. "ಅಕ್ಕಾ, ಆ ಹೋತದ ಸುದ್ದಿ ಬಿಟ್ಟು ಬೇರೆ ಏನಾದ್ರೂ ಮಾತಾಡೇ" ಎಂದು ನಕ್ಕಳು. ಬೇರೆ ಏನೂ ನೆನಪಾಗಲಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಹುಡುಗಿ ಸ್ಕೂಲಿಗೆ ಹೋದಳು. ಸಮಾಧಾನ.

ಸೆಪ್ಟೆಂಬರ್ ೨೦, ಶನಿವಾರ

ಎರಡು ದಿನದಿಂದ ಮೇವು ಮುಟ್ಟಿಲ್ಲ. ಹಲಸಿನ ಎಲೆ ಕೂಡ. ಭೇದಿ. ದವಡೆಯ ಕೆಳಗೆ ನೀರು ತುಂಬಿದ ಹಾಗೆ ಊತ. ಕರೆದರೆ ತಲೆ ಎತ್ತುತ್ತಾನೆ, ಏಳುವುದಿಲ್ಲ.

ಒಂದೂ ಬ್ಲೌಸ್ ಹೊಲಿಯಲಿಲ್ಲ. ಕೆರೆ ಬದಿಯ ಒದ್ದೆ ಹುಲ್ಲು ತಿಂದಿದ್ದಾನೆ ಎಂದು ಆಂಟಿ ಮಗ ದೀಪಕ್‌ನನ್ನು ಬೈದರು. ನನಗೆ ಬೇರೆ ಅನುಮಾನ. ಬರೆಯುವುದಿಲ್ಲ.

ಸೆಪ್ಟೆಂಬರ್ ೨೨, ಸೋಮವಾರ

ವಿಜಯಲಕ್ಷ್ಮಿ ಮೇಡಂ ಸ್ಕೂಟಿಯಲ್ಲಿ ಬಂದರು. ಅವನ ಕಣ್ಣಿನ ರೆಪ್ಪೆ ಮಡಚಿ ನೋಡಿದರು. ಒಳಗೆ ಕೆಂಪೇ ಇರಲಿಲ್ಲ, ಬಿಳಿ ಬಟ್ಟೆಯ ಹಾಗಿತ್ತು.

"ಹುಳ. ರಕ್ತ ಹೀರಿಬಿಟ್ಟಿವೆ. ಔಷಧಿ ಹಾಕಿದ್ರಲ್ಲ, ಎಷ್ಟು ತೂಕಕ್ಕೆ ಹಾಕಿದ್ರಿ?"

"ಇಪ್ಪತ್ತೇಳಕ್ಕೆ" ಎಂದರು ಆಂಟಿ. "ನಮ್ ಲತಾ ಅಳ್ದಿದ್ಲು."

ಡಾಕ್ಟರ್ ಅವನನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿದರು. "ಡೋಸ್ ಕಮ್ಮಿ ಆದ್ರೆ ಹುಳ ಸಾಯಲ್ಲಮ್ಮ. ಈಗ ಇನ್ನೊಂದ್ಸಲ ಹಾಕ್ಬೇಕು, ಇಂಜೆಕ್ಷನ್ನೂ ಇದೆ. ತಪ್ಪಾದ್ರೆ ಉಳಿಯೋದು ಕಷ್ಟ. ಸರಿಯಾಗಿ ಹೇಳಿ, ಎಷ್ಟಿದೆ?"

ಇಪ್ಪತ್ತೇಳು ಎಂದರೆ ಅವನು ಇಲ್ಲೇ ಸಾಯಬಹುದು. ನಿಜ ಹೇಳಿದರೆ ಬದುಕುತ್ತಾನೆ, ಬದುಕಿದರೆ ಗುಡಿಗೆ ಹೋಗುತ್ತಾನೆ. ಎರಡೂ ಒಟ್ಟಿಗೇ ತಲೆಗೆ ಬಂದವು. ಯೋಚಿಸಲು ಪುರುಸೊತ್ತು ಇರಲಿಲ್ಲ, ಸಿರಿಂಜ್ ಅವರ ಕೈಯಲ್ಲೇ ಇತ್ತು.

ಟೇಪು ತಂದು ಅಳೆದೆ. "ಈಗ ಮೂವತ್ತೊಂದು. ಅವತ್ತು ಔಷಧಿ ಹಾಕಿದಾಗ ಮೂವತ್ತೆರಡಿತ್ತು ಡಾಕ್ಟ್ರೆ."

ಡಾಕ್ಟರ್ ಸಿರಿಂಜಿಗೆ ಇನ್ನಷ್ಟು ಎಳೆದುಕೊಂಡರು. ಸ್ಕೂಟಿ ಹೋದ ಮೇಲೆ ಆಂಟಿ, ಬಹಳ ಮೆಲ್ಲಗೆ —

"ಪ್ರತಿ ಮಂಗಳವಾರ ಅಮ್ಮನ್ ಮುಂದೆ ನಿಂತ್ಕಂಡು, ಇನ್ನೂ ಆಗಿಲ್ಲ ತಾಯಿ, ಇನ್ನೂ ಆಗಿಲ್ಲ ಅಂತಿದ್ದೆ ಕಣೆ. ನನ್ ಬಾಯಲ್ಲಿ ಸುಳ್ಳು ಹೇಳ್ಸಿದ್ಯಲ್ಲ. ಮಗೀಗೆ ಜ್ವರ ಬಂದಾಗ್ಲೂ ನಿನ್ ಬಾಯಿ ಬರ್ಲಿಲ್ವಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ ೨೬, ಶುಕ್ರವಾರ

ಎದ್ದು ನಿಂತ. ಅಗಸೆ ಸೊಪ್ಪು ತಿಂದ. ಕಿಟಕಿಯಿಂದ ನೋಡಿದೆ. ಕೆಳಗೆ ಇಳಿಯಲು ಮುಖವಿಲ್ಲ. ಆಂಟಿ ಸೈಟಿನ ಗೇಟಿಗೆ ಬೀಗ ಹಾಕಿಸಿದ್ದಾರೆ. ನನಗಾಗಿಯೇ ಅಂತಲ್ಲ, ನಾಯಿಗಳಿವೆ ಎಂದು ಸೊಸೆ ಶ್ವೇತ ಹೇಳಿದಳು. ಇರಲಿ.

ಅಕ್ಟೋಬರ್ ೩, ಶುಕ್ರವಾರ

ಪದ್ಮ ಬರಲಿಲ್ಲ. ಭೀಮೇಶ್ ಅವರ ಅಕ್ಕನ ಮನೆಗೆ ಹೋಗಬೇಕಾಯಿತಂತೆ. ದೀಪಾವಳಿಗೆ ನೋಡೋಣ ಎಂದಳು. ಅವಳಿಗೆಂದು ಒಡಲಲ್ಲಿ ಇಟ್ಟುಕೊಂಡಿದ್ದ ಮಾತೆಲ್ಲ ಹಾಗೇ ಉಳಿಯಿತು. ಹಬ್ಬಕ್ಕೆ ಮೆಟ್ಟಿಲಿಗೆಲ್ಲ ಕುಂಬಳಕಾಯಿ ಒಡೆದರು, ನನ್ನ ಅಂಗಡಿ ಬಾಗಿಲಿಗೂ. ಅಂಗಡಿ ಬಾಡಿಗೆಯದು, ಬಾಗಿಲು ಅವರದು, ಅದಕ್ಕೆ. ಮೊದಲಾಗಿದ್ದರೆ ಆಂಟಿ ಕೂಗಿ ಪುಳಿಯೋಗರೆ ಕೊಡುತ್ತಿದ್ದರು.

ಇಡೀ ದಿನ ಒಬ್ಬರ ಜೊತೆಯೂ ಮಾತಾಡಲಿಲ್ಲ. ಸಂಜೆ ಹಾಲಿನ ಅಂಗಡಿಯಲ್ಲಿ "ಅರ್ಧ ಲೀಟರ್" ಎಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅಂಗಡಿಯವನು ಎರಡು ಸಲ ಕೇಳಿದ.

ಅಕ್ಟೋಬರ್ ೯, ಗುರುವಾರ, ಬೆಳಿಗ್ಗೆ

ದೀಪಕ್ ಹೊಸ ಟೇಪು ತಂದಿದ್ದಾನೆ. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ್ದು. ಅದು ಸುತ್ತಲು ಬಗ್ಗುವುದಿಲ್ಲವೆಂದು ದಾರ ಸುತ್ತಿ, ಆ ದಾರವನ್ನು ಟೇಪಿಗೆ ಹಿಡಿದ. ಬುದ್ಧಿವಂತನೇ. ಆದರೆ ಸುತ್ತಿದ್ದು ಎಲ್ಲಿಗೆ? ಹೊಟ್ಟೆಗೆ! ಬೆಳಗಿನ ಬೂಸಾ ತಿಂದು ಉಬ್ಬಿದ ಹೊಟ್ಟೆಗೆ. ಎದೆಗೆ ಅಲ್ಲ.

"ನಲವತ್ತೊಂದು ಕೇಜಿ ಅಮ್ಮಾ!"

ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ನಲವತ್ತೊಂದು! ಕಾಯಿಲೆ ಬಿದ್ದು ಎದ್ದವನು, ಭುಜದ ಮೂಳೆ ಕಾಣುತ್ತಿದೆ. ನನ್ನ ಕಣ್ಣಳತೆಗೆ ಮೂವತ್ತೂ ಇಲ್ಲ. ಈಗ ಕಡಿಮೆ ಇರುವುದು ನಿಜವಾಗಿಯೂ ನಿಜ. ಇಳಿದು ಹೋಗಿ ಹೇಳಿದೆ.

"ಆಂಟಿ, ಅಲ್ಲಿ ಅಳೀಬಾರದು. ಮುಂಗಾಲಿನ ಹಿಂದೆ ಅಳೀಬೇಕು. ಅವನು ಅಷ್ಟಿಲ್ಲ."

ದೀಪಕ್ ದಾರ ಸುತ್ತುತ್ತಾ "ಬಿಡಿ ಅಕ್ಕ, ನಿಮ್ ಲೆಕ್ಕ ನೋಡಿದ್ವಲ್ಲ" ಎಂದ. ಆಂಟಿ ನನ್ನ ಕಡೆ ತಿರುಗಲೇ ಇಲ್ಲ. "ಮಂಗಳವಾರಕ್ಕೆ ಎಲ್ರಿಗೂ ಹೇಳ್ಬುಡು" ಎಂದು ಮಗನಿಗೆ ಹೇಳಿದರು.

ನನ್ನ ಮಾತಿಗೆ ಇದ್ದ ಬೆಲೆಯನ್ನೆಲ್ಲ ಸುಳ್ಳಿಗೆ ಖರ್ಚು ಮಾಡಿಬಿಟ್ಟಿದ್ದೆ. ನಿಜ ಹೇಳುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಮೇಲೆ ಬಂದು ಅತ್ತೆ. ಜೋರಾಗಿಯೇ ಅತ್ತೆ, ಕೇಳಿಸಿಕೊಳ್ಳುವವರು ಯಾರಿದ್ದಾರೆ.

ಅಕ್ಟೋಬರ್ ೧೩, ಸೋಮವಾರ

ಅವನಿಗೆ ಸ್ನಾನ ಮಾಡಿಸಿದರು. ಕೊಂಬಿಗೆ ಅರಿಶಿನ. ಚೆನ್ನಾಗಿ ಕಾಣುತ್ತಿದ್ದ. ಇಷ್ಟೇ ಇವತ್ತು.

ಅಕ್ಟೋಬರ್ ೧೪, ಮಂಗಳವಾರ, ಮಧ್ಯಾಹ್ನ

ಸುಮ್ಮನೆ ಕೂರಲು ಆಗುತ್ತಿಲ್ಲ. ಬರೆಯುತ್ತೇನೆ. ನಿಧಾನವಾಗಿ, ಒಂದೊಂದಾಗಿ.

ಬೆಳಿಗ್ಗೆ ಅವರೆಲ್ಲ ಹೊರಟರು. ನಾನು ಷಟರ್ ತೆಗೆಯಲಿಲ್ಲ. ಮಿಷನ್ನಿಗೆ ಎಣ್ಣೆ ಹಾಕುತ್ತಾ ಕೂತಿದ್ದೆ. ದೀಪಕ್ ಬೈಕಿನಲ್ಲಿ ವಾಪಸ್ ಬಂದ. ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ಅಮ್ಮ ಕರೀತಿದಾರೆ. ನಿಮ್ ಟೇಪ್ ತಗೊಂಡು ಬರ್ಬೇಕಂತೆ."

ಬೈಕಿನ ಹಿಂದೆ ಕೂತೆ. ಗುಡಿಯ ಒಳಗಲ್ಲ, ಗುಡಿಯ ಹಿಂದೆ ಅವರದೇ ಇನ್ನೊಂದು ಸೈಟು. ಬೀಗರು, ನೆಂಟರು, ಒಲೆ ಹೂಡಿದ ಅಡುಗೆಯವರು, ಎಲ್ಲರೂ ಸುಮ್ಮನೆ ನಿಂತಿದ್ದಾರೆ. ನಡುವೆ ಅವನು. ಕತ್ತಿಗೆ ಚೆಂಡು ಹೂವಿನ ಹಾರ, ಮೈಯೆಲ್ಲ ಒದ್ದೆ. ತೀರ್ಥ ಹಾಕಿದ ಮೇಲೆ ಪ್ರಾಣಿ ತಾನಾಗಿ ಮೈ ಒದರಬೇಕಂತೆ. ಒದರಿದರೆ ಮಾರಮ್ಮ ಒಪ್ಪಿದಳು ಎಂದರ್ಥ, ಆಮೇಲೆಯೇ ಮುಂದಿನದು. ಒದರದಿದ್ದರೆ ಯಾರೂ ಕೈ ಹಾಕುವಂತಿಲ್ಲ. ಇವನು ಒದರಲಿಲ್ಲ. ಬಿಂದಿಗೆಗಟ್ಟಲೆ ಸುರಿದಿದ್ದಾರೆ, ಕಿವಿಗೂ ಬಿಟ್ಟಿದ್ದಾರೆ. ಕಲ್ಲಿನ ಹಾಗೆ ನಿಂತಿದ್ದಾನೆ.

ಆಂಟಿ ನನ್ನ ಹತ್ತಿರ ಬಂದರು. ಅವತ್ತಿನಿಂದ ಮೊದಲ ಸಲ ನನ್ನ ಕಣ್ಣು ನೋಡಿದರು.

"ಏನೋ ಕೊರತೆ ಐತೆ, ಅದಕ್ಕೇ ಅಮ್ಮ ತಗೊಳ್ತಿಲ್ಲ. ಹೇಳಿದ ಮಾತಿಗೆ ಕಮ್ಮಿ ಇದಾನೋ ಏನೋ. ನೀನೇ ಅಳಿ. ಅವಳ ಮುಂದೆ ಅಳಿ. ಎಷ್ಟೈತೋ ಅಷ್ಟು ಹೇಳು."

ಕುಕ್ಕರಗಾಲಲ್ಲಿ ಕೂತೆ. ಅವನು ಮೂಸಿ ನೋಡಿ, ಎಲ್ಲ ಮರೆತವನ ಹಾಗೆ ಭುಜಕ್ಕೆ ಒರಗಿದ. ಎಳೆಯಲಿಲ್ಲ, ಸಡಿಲ ಬಿಡಲಿಲ್ಲ. ಸುತ್ತು ಇಪ್ಪತ್ತೇಳು. ಉದ್ದ ಇಪ್ಪತ್ತಾರೂವರೆ. ಫೋನಿನಲ್ಲಿ ಗುಣಿಸಿದೆ. ನಂಬದೆ ಮತ್ತೆ ಗುಣಿಸಿದೆ.

"ಇಪ್ಪತ್ತೊಂಬತ್ತು ಕಾಲು" ಎಂದೆ. ಎಲ್ಲರಿಗೂ ಕೇಳಿಸುವಂತೆ ಇನ್ನೊಂದು ಸಲ ಹೇಳಿದೆ.

"ನಲವತ್ತೊಂದಿತ್ತಲ್ಲ!" ದೀಪಕ್.

"ಅದು ಹೊಟ್ಟೆ ಅಳತೆ ದೀಪಕ್. ಬಾ, ನೀನೇ ಓದು."

ದೀಪಕ್ ಬಗ್ಗಿ ಟೇಪು ಓದಿದ. ಬೀಗರಲ್ಲಿ ಒಬ್ಬರು "ಮುಕ್ಕಾಲು ಕೇಜಿಗೆ ಏನಾಯ್ತದೆ ಬಿಡಿ, ಒಗ್ಗರಣೆ ಆರೋಗ್ತೈತೆ" ಎಂದರು. ಆಂಟಿ ಅವರ ಕಡೆ ತಿರುಗಿದ ರಭಸಕ್ಕೆ ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಹೋದ.

"ಮಾತು ಅಂದ್ರೆ ಮಾತು. ಮೂವತ್ತು ಅಂದಿದೀನಿ. ಇವ್ಳು ಕಮ್ಮಿ ಅಂದ್ಲು, ಅಮ್ಮನೂ ಅದ್ನೇ ಅಂದ್ಲು. ಇಬ್ರೂ ಒಂದೇ ಹೇಳ್ದ ಮೇಲೆ ಇನ್ನೇನು? ಹೋತ ಮನೆಗೆ ಹೊಡ್ಕಂಡು ನಡೀರಿ. ಬಂದೋರಿಗೆ ಕೋಳಿ ತಂದು ಅಡುಗೆ ಮಾಡ್ಸು ದೀಪು." ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವೇನೆ ನೀನು? ಮುಖ ನೋಡು" ಎಂದರು.

ಖುಷಿಯಾಯಿತು. ಇಷ್ಟು ಖುಷಿ ಯಾವತ್ತು ಆಗಿತ್ತೋ ಗೊತ್ತಿಲ್ಲ. ನಿಜ ಹೇಳಿಯೂ ಅವನು ಉಳಿದ, ನಿಜ ಹೇಳಿದ್ದಕ್ಕೇ ಉಳಿದ. ಆಂಟಿಯ ಕೈ ತಲೆಯ ಮೇಲೆ, ಇವನ ಭಾರ ಭುಜದ ಮೇಲೆ. ಜನ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಅಡುಗೆಯವನು ಸೌದೆ ಹಿಂದಕ್ಕೆ ಎಳೆಯುತ್ತಿದ್ದ.

ಏಳೋಣವೆಂದುಕೊಂಡೆ. ಟೇಪು ಇನ್ನೂ ಅವನ ಎದೆಗೇ ಇತ್ತು, ಒದ್ದೆ ಕೂದಲಿಗೆ ಅಂಟಿಕೊಂಡಿತ್ತು. ಅಲ್ಲೇ ಬಿಡಬಹುದಿತ್ತು. ಮನೆಗೆ ಬಂದ ಮೇಲೆ ತೆಗೆಯಬಹುದಿತ್ತು. ಮೆಲ್ಲಗೆ ಎಳೆದುಕೊಂಡೆ, ಅವನಿಗೆ ಕಚಗುಳಿಯಾಗಿರಬೇಕು. ನಾಲ್ಕೂ ಕಾಲು ಅಗಲಿಸಿ ಊರಿದ. ಆಮೇಲೆ ತಲೆಯಿಂದ ಬಾಲದವರೆಗೆ, ಹಾರದ ಹೂವೆಲ್ಲ ಉದುರುವ ಹಾಗೆ, ಎಲ್ಲರ ಎದುರಿಗೆ, ಅವನು ಮೈ ಒದರಿದ.